ಅತ್ತೆ ಮುಚ್ಚದೆ ಬಿಟ್ಟ ಗೆರೆಗಳು

ಬೆಳಗ್ಗೆ ಐದು ಗಂಟೆ. ಮೂರನೇ ಮಹಡಿಯ ಆ ಮನೆಯಲ್ಲಿ ಮೊದಲು ಏಳುವುದು ಸೊಸೆ, ಆಮೇಲೆ ಕಂಪ್ಯೂಟರು. ಅದರ ಗುಂಡಿ ಒತ್ತಿ, ಅದು ಗೊರಗೊರ ಎನ್ನುತ್ತ ಕಣ್ಣು ಬಿಡುವಷ್ಟರಲ್ಲಿ ಸೊಸೆ ಮುಖ ತೊಳೆದು, ಚಹಾಕ್ಕೆ ನೀರಿಟ್ಟು, ಕೂದಲು ಗಂಟು ಹಾಕಿಕೊಂಡು ಬಂದಿರುತ್ತಾರೆ. "ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು. ಎದ್ದ ತಕ್ಷಣ ಕೆಲಸ ಮಾಡು ಅಂದ್ರೆ ಇಬ್ರಿಗೂ ಆಗಲ್ಲ," ಎಂದು ನಗುತ್ತಾರೆ. ಅವರಿಗೆ ನಲವತ್ತಮೂರು.

ಮೇಜು ಇರುವುದು ಅಡುಗೆಮನೆಗೂ ಹಾಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಅದರ ಮುಂದೆ ದಿಂಬು ಹಾಕಿದ ಮರದ ಕುರ್ಚಿ, ಕುರ್ಚಿಯ ಬಲಗಡೆಗೆ ಒಂದು ಪ್ಲಾಸ್ಟಿಕ್ ಸ್ಟೂಲು. ಕುರ್ಚಿ ಖಾಲಿ. ಸೊಸೆ ಕೂರುವುದು ಸ್ಟೂಲಿನ ಮೇಲೆ, ಅಲ್ಲಿಂದಲೇ ಓರೆಯಾಗಿ ಕೈ ಚಾಚಿ ಕೆಲಸ ಮಾಡುತ್ತಾರೆ. ಸೊಂಟ ನೋಯುವುದಿಲ್ಲವೇ, ಕುರ್ಚಿಯಲ್ಲೇ ಕೂರಬಾರದೇ ಎಂದು ಕೇಳಿದರೆ, "ಅದು ಅತ್ತೇದು. ಅವರಿದ್ದಾಗ ಜಗಳ ಮಾಡಿ ಕೂರ್ತಿದ್ದೆ. ಈಗ ಬಿಟ್ಟುಕೊಟ್ಟಿದೀನಿ," ಎನ್ನುತ್ತಾರೆ. ಅತ್ತೆ ತೀರಿಕೊಂಡು ಹತ್ತು ತಿಂಗಳಾಯಿತು.

ಪರದೆಯ ಮೇಲೆ ಕೊಡೆ ಹಿಡಿದ ಕರಡಿಮರಿ. ಬರೀ ಕಪ್ಪು ಗೆರೆ, ಒಳಗೆಲ್ಲ ಬಿಳಿ. ಸೊಸೆ ಪ್ಲಾಸ್ಟಿಕ್ ಪೆನ್ನನ್ನು ಸ್ಲೇಟಿನಂಥ ಟ್ಯಾಬ್ಲೆಟ್ ಮೇಲೆ ಊರಿ, ಪಟ್ಟಿಯಿಂದ ತಿಳಿನೀಲಿ ಮಾರ್ಕರ್ ಆರಿಸುತ್ತಾರೆ. ಮಾರ್ಕರ್ ಎಂದರೆ ಕೈಗೆ ಸಿಗುವ ಮಾರ್ಕರ್ ಅಲ್ಲ. ಅದಕ್ಕೆ ವಾಸನೆಯಿಲ್ಲ, ಮುಚ್ಚಳ ಕಳೆದುಹೋಗುವ ಭಯವಿಲ್ಲ, ಒಣಗುವ ಮಾತೇ ಇಲ್ಲ. ಬುದ್ಧಿ ಮಾತ್ರ ಥೇಟ್ ಮಾರ್ಕರಿನದೇ! ಒಮ್ಮೆ ಎಳೆದ ಜಾಗದ ಮೇಲೆ ಪೆನ್ನೆತ್ತಿ ಇನ್ನೊಮ್ಮೆ ಎಳೆದರೆ ಅಲ್ಲಿ ಬಣ್ಣ ದಟ್ಟವಾಗಿ ಪಟ್ಟೆ ಬೀಳುತ್ತದೆ. ಹಾಗಾಗಿ ಕೊಡೆಯ ಒಂದು ಹೋಳು ಮುಗಿಯುವವರೆಗೆ ಪೆನ್ನೆತ್ತುವಂತಿಲ್ಲ. ಮೊದಲು ತಿಳಿನೀಲಿ, ನೆರಳಿಗೆ ನಡುನೀಲಿ, ಮಡಿಕೆಯ ಸಂದಿಗೆ ಕಡುನೀಲಿ, ಕೊನೆಗೆ ಮತ್ತೆ ತಿಳಿನೀಲಿಯಿಂದ ಮೂರನ್ನೂ ಬೆರೆಸುವ ಒಂದು ಹಗುರ ಕೈ.

ಕೊಡೆಯ ಬಲ ಅಂಚಿಗೆ ಬಂದಾಗ ಆ ಕೈ ನಿಧಾನವಾಗುತ್ತದೆ. ಅಲ್ಲಿ ಗೆರೆಯೇ ಇಲ್ಲ. ಕೊಡೆಯ ಅಂಚು ಅರ್ಧಕ್ಕೆ ಬಂದು ನಿಂತಿದೆ, ಅಲ್ಲಿಂದಾಚೆ ಖಾಲಿ. ಸೊಸೆ ಇಲ್ಲದ ಗೆರೆಯನ್ನು ಕಣ್ಣಲ್ಲೇ ಎಳೆದುಕೊಂಡು, ಅದರೊಳಗಷ್ಟೇ ಬಣ್ಣ ನಿಲ್ಲುವ ಹಾಗೆ ತುದಿಗಾಲಲ್ಲಿ ನಡೆದಂತೆ ಪೆನ್ನು ನಡೆಸುತ್ತಾರೆ. ಮನಸ್ಸು ಮಾಡಿದರೆ ಅರ್ಧ ನಿಮಿಷದಲ್ಲಿ ಆ ಗೆರೆ ಎಳೆದು ಮುಚ್ಚಬಹುದು. ಅವರು ಮುಚ್ಚುವುದಿಲ್ಲ. ಹತ್ತು ತಿಂಗಳಿಂದ ಒಂದು ಗೆರೆಯನ್ನೂ ಮುಚ್ಚಿಲ್ಲ.

ಈ ಕೆಲಸವೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಮೊದಲೆಲ್ಲ ರಬ್ಬರಿನ ಅಚ್ಚನ್ನು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿ, ಮೂಡಿದ ಚಿತ್ರಕ್ಕೆ ಬಣ್ಣ ತುಂಬಿ ಶುಭಾಶಯ ಪತ್ರ ಮಾಡುವ ಹವ್ಯಾಸವಿತ್ತು. ಈಗ ರಬ್ಬರು ಹೋಗಿದೆ, ಚಿತ್ರ ಮಾತ್ರ ಫೈಲಾಗಿ ಉಳಿದಿದೆ. ಡಿಜಿಟಲ್ ಸ್ಟ್ಯಾಂಪ್ ಎಂದು ಅದಕ್ಕೆ ಹೆಸರು. ಕಾರ್ಡ್ ಕಂಪನಿ ಒಂದೇ ಚಿತ್ರವನ್ನು ಎರಡು ಥರ ಮಾರುತ್ತದೆ. ಬರೀ ಗೆರೆಯ ಸ್ಟ್ಯಾಂಪು ಮನೆಯಲ್ಲಿ ಕೂತು ಬಣ್ಣ ತುಂಬಿಕೊಳ್ಳುವವರಿಗೆ. ಬಣ್ಣ ತುಂಬಿದ ಕಾರ್ಡು ಅಷ್ಟೆಲ್ಲ ಪುರುಸೊತ್ತಿಲ್ಲದವರಿಗೆ. ಹುಟ್ಟುಹಬ್ಬಕ್ಕೋ, ಬೇಗ ಗುಣವಾಗಲಿ ಎನ್ನುವುದಕ್ಕೋ ನಿಮ್ಮ ಕೈಗೆ ಎಂದಾದರೂ ಒಂದು ಕಾರ್ಡು ಬಂದಿದ್ದರೆ, ಅದರ ಮೇಲಿನ ಮೊಲದ ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿದವರು ಯಾರು ಎಂದು ನೀವು ಯೋಚಿಸಿರಲಾರಿರಿ. ಯಾರೂ ಯೋಚಿಸುವುದಿಲ್ಲ. ಕಾರ್ಡು ತಿರುಗಿಸಿದರೆ ಹಿಂದೆ ಕಂಪನಿಯ ಗುರುತು ಮಾತ್ರ ಇರುತ್ತದೆ.

ಹನ್ನೊಂದು ವರ್ಷದಲ್ಲಿ ಈ ಮನೆಯ ಇಕ್ಕಟ್ಟಿನಿಂದ ಹೋದ ಚಿತ್ರಗಳು ಸಾವಿರದ ಆರುನೂರಕ್ಕೂ ಹೆಚ್ಚು. ಗೆರೆ ಅತ್ತೆಯದು, ಬಣ್ಣ ಸೊಸೆಯದು. ಅತ್ತೆ ಬಿಟ್ಟುಹೋದದ್ದರಲ್ಲಿ ಈಗ ಉಳಿದಿರುವುದು ಎರಡೇ: ಈ ಕರಡಿಮರಿ, ಮತ್ತು ಇದರ ಮುಂದಿನದು. ಆ ಮುಂದಿನದರ ಗೆರೆ ನೋಡಿ ಮೊನ್ನೆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ್ದಾರೆ. ಅದರಲ್ಲಿ ಬಲಗಡೆ ಕೂತಿರುವ ಇಲಿಮರಿಗೆ ಬೆನ್ನೂ ಇಲ್ಲ, ಬಾಲವೂ ಇಲ್ಲ, ಕೂತ ಆಸನವೂ ಇಲ್ಲ. ಅದನ್ನು ಪೂರ್ತಿ ಮಾಡಿಕೊಡಬೇಕು, ಇಲ್ಲದಿದ್ದರೆ ಆ ಇಲಿಯನ್ನೇ ತೆಗೆದುಹಾಕುತ್ತೇವೆ ಎಂದಿದ್ದಾರೆ. ನಾಳೆ ಸಂಜೆಯವರೆಗೆ ಸಮಯ ಕೊಟ್ಟಿದ್ದಾರೆ. ಸೊಸೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಗಂಡ ಗುಟ್ಟಾಗಿ ಹೇಳುತ್ತಾರೆ.

ಸೊಸೆ ಮದುವೆಯಾಗಿ ಬಂದಾಗ ಫೋಟೋ ಸ್ಟುಡಿಯೋ ಒಂದರಲ್ಲಿ ಹಳೆಯ ಫೋಟೋಗಳ ಕಲೆ ತೆಗೆದು ಬಣ್ಣ ಸರಿಮಾಡುವ ಕೆಲಸದಲ್ಲಿದ್ದರು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಅದೇ ವರ್ಷ ಅತ್ತೆ ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತರಾದರು. ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಕೈ ಸುಮ್ಮನಿರದು. ಇನ್ನು ಕೇಳಬೇಕೇ! ಒಬ್ಬರು ಇಟ್ಟ ಪಾತ್ರೆಯನ್ನು ಇನ್ನೊಬ್ಬರು ಎತ್ತಿಡುವುದೇ ಕೆಲಸವಾಗಿಬಿಟ್ಟಿತು. "ದಿನಾ ಸಂಜೆ ಇಬ್ರೂ ನನ್ ಹತ್ರ ದೂರು ಹೇಳೋರು. ನಾನು ಲಿಫ್ಟ್ ರಿಪೇರಿ ಮಾಡೋನು ಸಾರ್, ಮೇಲೆ ಕೆಳಗೆ ಸಿಕ್ಕಿಹಾಕ್ಕೊಳೋದು ನನಗೆ ಹೊಸದಲ್ಲ," ಎನ್ನುತ್ತಾರೆ ಗಂಡ.

ಕಾರ್ಡ್ ಕಂಪನಿಯ ಕೆಲಸ ತಂದದ್ದು ಸೊಸೆ. ಅರವತ್ತು ದಾಟಿದ ಅತ್ತೆ ಟ್ಯಾಬ್ಲೆಟ್ ಮೇಲೆ ಬರೆಯುವುದನ್ನು ಕಲಿತರೆಂದರೆ ಅದೇ ಒಂದು ಕಥೆ. ಕೈ ಓಡುವುದು ಮೇಜಿನ ಮೇಲೆ, ಗೆರೆ ಮೂಡುವುದು ಎದುರಿನ ಪರದೆಯ ಮೇಲೆ. "ಇದೇನೇ ಇದು, ತಟ್ಟೆ ಇಲ್ಲಿ, ಬಾಯಿ ಅಲ್ಲಿ!" ಎಂದು ಮೊದಲ ವಾರವೆಲ್ಲ ಗೊಣಗಿದರು. ಎರಡನೇ ವಾರ ಒಂದು ಇಲಿ ಬರೆದರು. ಪುಸ್ತಕದ ರಾಶಿಯ ಮೇಲೆ ಕೂತು ಬ್ರೆಡ್ಡು ತಿನ್ನುವ ಇಲಿ. ಕಂಪನಿ ಆ ಇಲಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡಿತು. ಅಲ್ಲಿಂದ ಮುಂದೆ ಒಂದೇ ಕಂಪ್ಯೂಟರು, ಒಂದೇ ಪೆನ್ನು, ಎರಡು ಪಾಳಿ. ಬೆಳಗ್ಗೆ ಐದರಿಂದ ಎಂಟು ಸೊಸೆಯ ಬಣ್ಣ, ಹಗಲೆಲ್ಲ ಅತ್ತೆಯ ಗೆರೆ. ಮಧ್ಯಾಹ್ನ ಸೊಸೆ ತರಕಾರಿ ಬುಟ್ಟಿ ಹಿಡಿದು ಬಲಗಡೆಯ ಸ್ಟೂಲಿನ ಮೇಲೆ ಕೂತು ಹೆಚ್ಚುತ್ತಾ ನೋಡುತ್ತಿದ್ದರು. ಪೆನ್ನಿನ ರಬ್ಬರಿನ ಹಿಡಿ ಎರಡು ಕಡೆ ಸವೆದಿದೆ. ತುದಿಗೆ ಹತ್ತಿರ ಹಿಡಿಯುತ್ತಿದ್ದುದು ಅತ್ತೆ, ಸ್ವಲ್ಪ ಮೇಲೆ ಹಿಡಿಯುವುದು ಸೊಸೆ.

ಜಗಳವೇನೂ ನಿಲ್ಲಲಿಲ್ಲ, ಪಾತ್ರೆ ಬಿಟ್ಟು ಗೆರೆಗೆ ಬಂತು ಅಷ್ಟೇ. ಅತ್ತೆಗೆ ಗೆರೆಯನ್ನು ಪೂರ್ತಿ ಕೂಡಿಸುವ ಅಭ್ಯಾಸವಿರಲಿಲ್ಲ. ಮೊಲದ ಕಿವಿಯ ತುದಿ, ಅಂಗಿಯ ತೋಳು, ಬಟ್ಟಲಿನ ಅಂಚು, ಎಲ್ಲಾದರೊಂದು ಕಡೆ ಕೂದಲೆಳೆಯಷ್ಟು ಬಿಟ್ಟೇ ಬಿಡುತ್ತಿದ್ದರು. ಕಣ್ಣಿಗೆ ಅದು ಚೆಂದ. ಆದರೆ ಬಣ್ಣದವರಿಗೆ ಅದು ತಲೆನೋವು. ಮೊದಲ ಬಳಿತಕ್ಕೆಂದು ತಂತ್ರಾಂಶದಲ್ಲಿ ಬಕೆಟ್ ಎಂಬ ಗುಂಡಿಯಿದೆ. ಗೆರೆ ಪೂರ್ತಿ ಕೂಡಿದ್ದರೆ ಒಂದೇ ಏಟಿಗೆ ಒಳಗೆಲ್ಲ ಬಣ್ಣ ತುಂಬುತ್ತದೆ, ಆಮೇಲೆ ಮಾರ್ಕರಿನಿಂದ ನೆರಳು ಕೊಟ್ಟರಾಯಿತು. ಗೆರೆ ಒಂದಿಷ್ಟು ತೆರೆದಿದ್ದರೂ ಬಣ್ಣ ಅಲ್ಲಿಂದ ಸೋರಿ ಇಡೀ ಹಾಳೆಯೇ ನೀಲಿ. ಹಾಗಾಗಿ ಸೊಸೆ ಪ್ರತಿದಿನ ಬೆಳಗ್ಗೆ ಮೊದಲು ಮಾಡುತ್ತಿದ್ದುದು ಅತ್ತೆಯ ಗೆರೆಗಳ ಮೇಲೆ ಕಣ್ಣಾಡಿಸಿ, ಬಿಟ್ಟ ಬಾಯಿಗಳನ್ನೆಲ್ಲ ಮುಚ್ಚಿ, ಅದೇ ಫೈಲಿನ ಮೇಲೆ ಸೇವ್ ಮಾಡುವುದು.

"'ಗೆರೆ ಕೂಡ್ಸಿ ಅತ್ತೆ, ಬಣ್ಣ ಸೋರುತ್ತೆ' ಅಂತ ಹನ್ನೊಂದು ವರ್ಷ ಬಡ್ಕೊಂಡೆ. 'ಚಿತ್ರಕ್ಕೂ ಉಸಿರಾಡೋಕೆ ಜಾಗ ಬೇಡ್ವೇನೇ? ಎಲ್ಲಾ ಮುಚ್ಚಿ ಡಬ್ಬಿ ಮಾಡ್ಬೇಡ' ಅನ್ನೋರು. ಕಿವಿಗೇ ಹಾಕ್ಕೊಳ್ತಿರಲಿಲ್ಲ. ಟೀಚರ್ ನೋಡಿ, ಯಾರಾದ್ರೂ ತಿದ್ದಿದ್ರೆ ಆಗ್ತಿರಲಿಲ್ಲ." ಹೇಳುತ್ತಾ ಸೊಸೆ ಪೆನ್ನಿನ ತುದಿಯಿಂದ ಖಾಲಿ ಕುರ್ಚಿಯ ಕಡೆ ತೋರಿಸುತ್ತಾರೆ, ಅಲ್ಲಿ ಯಾರೋ ಮುಖ ಊದಿಸಿಕೊಂಡು ಕೂತಿರುವ ಹಾಗೆ.

ಕಳೆದ ವರ್ಷದ ಯಾವುದೋ ತಿಂಗಳಿಂದ ಬಾಯಿಗಳು ದೊಡ್ಡವಾದವು. ಕೂದಲೆಳೆಯಷ್ಟಿದ್ದದ್ದು ಬೆರಳಿನಷ್ಟಾಯಿತು. ಸೈಕಲ್ಲಿನ ಚಕ್ರ ಮುಕ್ಕಾಲಕ್ಕೇ ನಿಂತಿತು. ಮನೆಯ ಮಾಡಿಗೆ ಒಂದು ಬದಿಯೇ ಇಲ್ಲ. ಅದೇ ಹೊತ್ತಿಗೆ ಅತ್ತೆ ಬರೆಯುವ ವೇಗವೂ ಹೆಚ್ಚಿತು. ವಾರಕ್ಕೆ ಮೂರು ಬರೆಯುತ್ತಿದ್ದವರು ದಿನಕ್ಕೊಂದು ಬರೆದು 'ಬಣ್ಣಕ್ಕೆ' ಎಂಬ ಫೋಲ್ಡರಿನಲ್ಲಿ ಹಾಕತೊಡಗಿದರು. ಸೊಸೆಗೆ ಸಿಟ್ಟು ಬಂತು. ಅವಸರ ಮಾಡುತ್ತಿದ್ದಾರೆ, ನನ್ನ ತಲೆ ಮೇಲೆ ಹೊರಿಸುತ್ತಿದ್ದಾರೆ ಎಂದುಕೊಂಡರು. ಹಳೆಯ ಅಭ್ಯಾಸವೇ ವಯಸ್ಸಾದ ಮೇಲೆ ಜಾಸ್ತಿಯಾಗಿದೆ ಎಂದುಕೊಂಡರು. ಬೆಳಗ್ಗೆ ಎದ್ದು, ಗೊಣಗುತ್ತಾ ಮುಚ್ಚಿದರು. ಸೇವ್ ಮಾಡಿದರು. ಮರುದಿನ ಮತ್ತೆ ಮುಚ್ಚಿದರು.

ಬೇರೆ ಗುರುತುಗಳೂ ಇದ್ದವು, ಈಗ ಒಂದೊಂದೇ ನೆನಪಾಗುತ್ತವೆ. ಅತ್ತೆ ತಟ್ಟೆಯಲ್ಲಿ ಒಂದು ಬದಿಯದನ್ನು ಹಾಗೇ ಉಳಿಸುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, ಮನೆ ಕಟ್ಟಿದವನಿಗೆ ಬೈಯುತ್ತಿದ್ದರು. ಇನ್ನೊಂದನ್ನು ಹೇಳುವಾಗ ಸೊಸೆ ಪೆನ್ನು ಕೆಳಗಿಡುತ್ತಾರೆ. "ನಾನು ಇಲ್ಲೇ ಕೂತು ಬೀನ್ಸ್ ಹೆಚ್ತಾ ಇರ್ತಿದ್ದೆ. ಅವರು ಬರೀತಾ ಬರೀತಾ, 'ಎಲ್ಲಿ ಹೋದೆಯೇ?' ಅನ್ನೋರು. ಪಕ್ಕದಲ್ಲೇ ಇದೀನಿ! ಬೇಕೂಂತ ಕೊಂಕು ಮಾತಾಡ್ತಾರೆ ಅಂದ್ಕೊಂಡೆ. ಒಂದಿನ ಸಿಟ್ಟಿನಲ್ಲಿ, 'ಇಲ್ಲೇ ಇದೀನಲ್ಲ ಅತ್ತೆ, ಕಣ್ಣು ಕಾಣಲ್ವಾ ನಿಮಗೆ?' ಅಂದುಬಿಟ್ಟೆ."

ಒಲೆಯ ಮೇಲೆ ಚಹಾ ಉಕ್ಕುತ್ತದೆ. ಎದ್ದು ಹೋಗಿ ಒಲೆ ಆರಿಸಿ ಬಂದು ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ.

ಕೊನೆಯ ಜಗಳ ಒಂದು ಗಾಳಿಪಟದ ಮೇಲೆ. ಗಾಳಿಪಟದ ಒಂದು ಅಂಚು ಇರಲೇ ಇಲ್ಲ. ಈ ಸಲ ನಾನು ಮುಚ್ಚುವುದಿಲ್ಲ, ನೀವೇ ಹುಡುಕಿ ಮುಚ್ಚಿ ಎಂದು ಸೊಸೆ ಪಟ್ಟು ಹಿಡಿದರು. ಅತ್ತೆ ಮರುಮಾತಾಡದೆ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡು ಅರ್ಧ ಗಂಟೆ ಪರದೆಯಲ್ಲಿ ಕಣ್ಣು ನೆಟ್ಟು ಹುಡುಕಿದರು. ಆಮೇಲೆ ಮಕ್ಕಳ ಪುಸ್ತಕ ತಿದ್ದಿ ಮುಗಿಸಿದ ಟೀಚರಿನ ಗತ್ತಿನಲ್ಲಿ, "ಎಲ್ಲಾ ಕೂಡ್ಸಿದೀನಿ ನೋಡ್ಕೋ, ಒಂದ್ ತೊಟ್ಟೂ ಸೋರಲ್ಲ," ಎಂದರು. ಸೊಸೆ ಬಂದು ನೋಡಿದರೆ ಆ ಅಂಚು ಇದ್ದ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎನಿಸಿ ಸೊಸೆಗೆ ಮೈಯೆಲ್ಲ ಉರಿಯಿತು. ಮಾತಾಡದೆ ತಾವೇ ಗೆರೆ ಎಳೆದು, ಸೇವ್ ಗುಂಡಿಯನ್ನು ಕುಟ್ಟಿದರು. ನಾಲ್ಕು ದಿನ ಮಾತು ಬಿಟ್ಟರು. ಐದನೇ ದಿನ ಅತ್ತೆ ಮೆಟ್ಟಿಲಿಳಿಯುವಾಗ ಬಲಗಡೆಯ ಕಂಬಿಯನ್ನು ಕಾಣದೆ ಬಿದ್ದರು.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಗಡ್ಡೆ. ದೃಷ್ಟಿಯನ್ನು ನೋಡಿಕೊಳ್ಳುವ ಜಾಗದ ಮೇಲೆ ಒತ್ತಿಕೊಂಡು ಬೆಳೆದಿತ್ತು. ಬಲಗಡೆಯ ಅರ್ಧ ಲೋಕ ಅವರ ಪಾಲಿಗೆ ಇರಲೇ ಇಲ್ಲ. ವಿಚಿತ್ರವೆಂದರೆ ಇಲ್ಲ ಎನ್ನುವುದು ಅವರಿಗೇ ಗೊತ್ತಾಗುವುದಿಲ್ಲವಂತೆ. ಕಂಡಷ್ಟೇ ಪೂರ್ತಿ ಎಂದು ಮನಸ್ಸು ನಂಬಿಕೊಂಡುಬಿಡುತ್ತದಂತೆ. ಇದು ಯಾವಾಗಿಂದ, ಬಲಗಡೆ ಏನನ್ನಾದರೂ ಬಿಟ್ಟುಬಿಡುತ್ತಿದ್ದರೇ ಎಂದು ಡಾಕ್ಟರಮ್ಮ ಕೇಳಿದರು.

"ಆಟೋ ಹಿಡ್ಕೊಂಡು ಮನೆಗೆ ಓಡಿ ಬಂದೆ. ಫೈಲಲ್ಲಿ ತಾರೀಖಿರುತ್ತಲ್ಲ, ಯಾವ ಚಿತ್ರದಿಂದ ಶುರುವಾಯ್ತು ಅಂತ ನೋಡಿ ಹೇಳೋಣ ಅಂತ. ಒಂದೊಂದೇ ತೆಗೆದೆ. ಸೈಕಲ್ ತೆಗೆದೆ, ಮನೆ ತೆಗೆದೆ, ಗಾಳಿಪಟ ತೆಗೆದೆ. ಎಲ್ಲಾ ಮುಚ್ಚಿದೆ. ಎಲ್ಲಾ ನೀಟಾಗಿದೆ. ನಾನೇ ಮುಚ್ಚಿದ್ದು, ನಾನೇ ಅದರ ಮೇಲೆ ಸೇವ್ ಮಾಡಿದ್ದು. ಡಾಕ್ಟರ್ ಕೇಳಿದ್ದಕ್ಕೆ ಉತ್ತರ ಈ ಮೇಜಿನ ಮೇಲೆ ದಿನಾ ಬೆಳಗ್ಗೆ ಬರ್ತಿತ್ತು. ದಿನಾ ಬೆಳಗ್ಗೆ ನಾನೇ ಅಳಿಸ್ತಿದ್ದೆ."

ಹಾಗೆ ಹುಡುಕುವಾಗ ಕೈಗೆ ಸಿಕ್ಕಿದ್ದು 'ಬಣ್ಣಕ್ಕೆ' ಫೋಲ್ಡರು. ಬಣ್ಣ ಕಾಣದ, ಸೊಸೆ ತೆರೆದೂ ನೋಡಿರದ ಮೂವತ್ತೆಂಟು ಚಿತ್ರಗಳು. ಅವುಗಳಲ್ಲಿ ಯಾರೂ ಏನೂ ಮುಚ್ಚಿರಲಿಲ್ಲ. ಸಾಲಾಗಿ ನೋಡುತ್ತಾ ಹೋದರೆ ಮೊದಲನೆಯದರಲ್ಲಿ ಹುಡುಗಿಯ ಬಲತೋಳಿನ ಅಂಚಿಲ್ಲ, ಹತ್ತನೆಯದರಲ್ಲಿ ಬುಟ್ಟಿಯ ಬಲ ಹಿಡಿ ಇಲ್ಲ, ಇಪ್ಪತ್ತೈದನೆಯದರಲ್ಲಿ ಬೆಕ್ಕಿಗೆ ಒಂದೇ ಮೀಸೆ. ಎಡಗಡೆ ಮಾತ್ರ ಎಂದಿನಂತೆ ಒಂದೊಂದು ರೋಮವೂ ಎಣಿಸುವ ಹಾಗಿತ್ತು.

ಇನ್ನೂ ಒಂದು ಸಂಗತಿ ಅವರನ್ನು ತಿನ್ನುತ್ತಿದೆ. ತಂತ್ರಾಂಶದಲ್ಲಿ ಕನ್ನಡಿ ಗುಂಡಿ ಎಂದೊಂದಿದೆ. ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ನಿಲ್ಲುತ್ತದೆ. ಮುಖ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ನೋಡಲು ಬರೆಯುವವರೆಲ್ಲ ಬಳಸುವ ಗುಂಡಿ ಅದು. ಸೊಸೆ ದಿನಕ್ಕೆ ಹತ್ತು ಸಲ ಒತ್ತುತ್ತಾರೆ. "ಗಾಳಿಪಟದ ದಿನ ಒಂದೇ ಒಂದು ಸಲ ಅದನ್ನ ಒತ್ತಿ ತೋರಿಸಿದ್ರೆ, ಆ ಅಂಚು ಎಡಗಡೆ ಬರ್ತಿತ್ತು. ಅತ್ತೆಗೆ ಕಾಣ್ತಿತ್ತು. 'ಅಯ್ಯೋ ಇದು ಹೇಗೆ ಬಿಟ್ಟೆನೇ?' ಅಂತಿದ್ರು. ಅವತ್ತೇ ಗೊತ್ತಾಗಿರೋದು."

ಅವತ್ತೇ ಗೊತ್ತಾಗಿದ್ದರೆ ಬದುಕುತ್ತಿದ್ದರೇ? ಸೊಸೆ ಡಾಕ್ಟರಮ್ಮನನ್ನು ಕೇಳಿದ್ದರು. ಹೇಳಕ್ಕಾಗಲ್ಲಮ್ಮ, ನೀವು ಬಣ್ಣ ಹಾಕೋರು, ಡಾಕ್ಟರಲ್ಲ ಎಂದು ಅವರು ಸೊಸೆಯ ಕೈ ಹಿಡಿದುಕೊಂಡರಂತೆ. ಆ ಮಾತಿನಿಂದ ಸಮಾಧಾನ ಆಯಿತೇ ಎಂದರೆ ಸೊಸೆ ತಲೆಯಾಡಿಸುತ್ತಾರೆ, ಇಲ್ಲ ಎನ್ನುವ ಹಾಗೆ.

ಆಸ್ಪತ್ರೆಯಲ್ಲಿದ್ದದ್ದು ಮೂರು ವಾರ. ಅಭ್ಯಾಸಬಲದಿಂದ ಮೊದಲ ಎರಡು ದಿನ ಸೊಸೆ ಮಂಚದ ಬಲಗಡೆಯೇ ಕೂತಿದ್ದರು. ಅತ್ತೆ ಗೋಡೆ ನೋಡುತ್ತಾ, ಸೊಸೆ ಬಂದಳೇ ಎಂದು ನರ್ಸನ್ನು ಕೇಳುತ್ತಿದ್ದರು. ಡಾಕ್ಟರಮ್ಮ ವಿಷಯ ಹೇಳಿದ ದಿನ ಸೊಸೆ ಸ್ಟೂಲನ್ನು ಎತ್ತಿಕೊಂಡು ಮಂಚ ಸುತ್ತಿ ಎಡಗಡೆಗೆ ಹೋಗಿ ಕೂತರು. ಅತ್ತೆಯ ಮುಖ ಅರಳಿತು. "'ಬಂದ್ಯಾ? ಎಷ್ಟು ದಿನ ಆಯ್ತೇ ನಿನ್ನ ನೋಡಿ! ಇನ್ನೂ ಕೋಪ ಇದೆಯಾ?' ಅಂದ್ರು. ಎರಡು ದಿನದಿಂದ ಅಲ್ಲೇ ಇದೀನಿ ಅಂತ ಹೇಗೆ ಹೇಳ್ಲಿ? 'ಈಗ ಬಂದೆ ಅತ್ತೆ' ಅಂದೆ." ಸೊಸೆ ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ. ಅಳು ಬಂದರೆ ಮುಚ್ಚಿಡುವ ಜಾತಿಯವರಲ್ಲ ಅವರು.

ಅತ್ತೆ ಹೋದಾಗಿನಿಂದ ಬೆಳಗಿನ ಮೂರು ಗಂಟೆಗಳು ಈ ಮೂವತ್ತೆಂಟಕ್ಕೇ ಮೀಸಲು. ಹಗಲು ಹೊತ್ತಿನಲ್ಲಿ ಕಂಪನಿ ಕಳಿಸುವ ಬೇರೆಯವರ ಗೆರೆಚಿತ್ರಗಳಿಗೆ ಬಣ್ಣ ತುಂಬುತ್ತಾರೆ, ದಿನಕ್ಕೆ ಎರಡು. ಅವು ಅಚ್ಚುಕಟ್ಟು, ಎಲ್ಲಾ ಕೂಡಿದ ಗೆರೆಗಳು. "ಬಕೆಟ್ ಒತ್ತಿದ್ರೆ ಮುಗೀತು. ಒಂದೂ ಸೋರಲ್ಲ. ಜಗಳ ಆಡೋಕೆ ಅದರಲ್ಲಿ ಏನೂ ಇಲ್ಲ," ಎಂದು ನಿಟ್ಟುಸಿರು ಬಿಡುತ್ತಾರೆ. ಅತ್ತೆಯ ಚಿತ್ರಕ್ಕೆ ಬಕೆಟ್ ಮುಟ್ಟಿಸುವುದಿಲ್ಲ. ಗೆರೆಯಷ್ಟೇ ಇರುವ ಮೇಲಿನ ಪದರಕ್ಕೆ ಬೀಗದ ಗುರುತು ಹಾಕಿಟ್ಟಿದ್ದಾರೆ, ಅಪ್ಪಿತಪ್ಪಿಯೂ ಕೈ ತಾಗಬಾರದೆಂದು. ಮೊದಲಿಂದ ಕೊನೆಯವರೆಗೆ ಮಾರ್ಕರೇ, ಒಂದು ಚಿತ್ರಕ್ಕೆ ಆರೇಳು ನೂರು ಎಳೆತ. ಮೊದಲು ಎರಡು ದಿನಕ್ಕೊಂದು ಮುಗಿಯುತ್ತಿದ್ದದ್ದು ಈಗ ವಾರಕ್ಕೊಂದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಕಣ್ಣಿಗೆ ಎರಡು ಹೊತ್ತು ಹನಿ. ಮುಗಿದ ಪ್ರತಿಯೊಂದನ್ನೂ ಹೊಸ ಹೆಸರಿನಲ್ಲಿ ಸೇವ್ ಮಾಡುತ್ತಾರೆ. ಅತ್ತೆಯ ಫೈಲು ಇದ್ದ ಹಾಗೇ ಇರುತ್ತದೆ.

ಬಣ್ಣದ ಕಾರ್ಡುಗಳಿಗೆ ತೊಂದರೆಯಾಗಲಿಲ್ಲ, ಜನ ಮೆಚ್ಚಿದರು. ಬರೀ ಗೆರೆಯ ಸ್ಟ್ಯಾಂಪು ಕೊಂಡವರು ಮಾತ್ರ ಹಾಳೆಯೆಲ್ಲ ನೀಲಿಯಾಗುತ್ತದೆ ಎಂದು ಕಂಪನಿಗೆ ದೂರು ಬರೆದರು. ಅವರದೇನು ತಪ್ಪು, ಪಾಪ. ಇನ್ನು ಮುಂದೆ ಆ ಸ್ಟ್ಯಾಂಪುಗಳ ಗೆರೆಗಳನ್ನು ಕಂಪನಿಯವರೇ ಮುಚ್ಚಿಸಿಕೊಳ್ಳುತ್ತಾರೆ. ಸೊಸೆ ಅದಕ್ಕೆ ಒಪ್ಪಿದ್ದಾರೆ. ಒಪ್ಪದೆ ಇರುವುದು ಕೊನೆಯ ಚಿತ್ರಕ್ಕೆ ಮಾತ್ರ. "ಅಮ್ಮನಿಗೆ ಇವಳೇ ಮಗಳು, ನಾನು ಅಳಿಯ. ಇವಳ ಹಠ ಅಮ್ಮಂದೇ," ಎಂದು ಗಂಡ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಹೇಳಿ ಕೆಲಸಕ್ಕೆ ಹೊರಡುತ್ತಾರೆ.

ಮರುದಿನ ಮತ್ತೆ ಬೆಳಗ್ಗೆ ಐದು. ಮೂವತ್ತೆಂಟನೆಯ ಫೈಲು ತೆರೆದುಕೊಳ್ಳುತ್ತದೆ. ಚಿತ್ರದಲ್ಲಿ ಒಂದು ಮೇಜಿನ ಮುಂದೆ ಎರಡು ಇಲಿಗಳು. ಎಡಗಡೆಯದು ಮುದಿ ಇಲಿ. ಮೂಗಿನ ಮೇಲೆ ಕನ್ನಡಕ, ಬೆನ್ನಿಗೆ ದಿಂಬು, ಕೈಯಲ್ಲಿ ಉಲ್ಲನ್ ಹೆಣೆಯುವ ಕಡ್ಡಿಗಳು. ದಿಂಬಿನ ಹೊಲಿಗೆಯನ್ನೂ ಅತ್ತೆ ಬಿಟ್ಟಿಲ್ಲ. ಕಡ್ಡಿಯಿಂದ ಹೊರಟ ದಾರ ಬಲಗಡೆ ಕೂತ ಮರಿ ಇಲಿಯ ಕೈಗೆ ಹೋಗುತ್ತದೆ. ಮರಿ ಇಲಿಗೆ ಎರಡು ಕೈ, ಅರ್ಧ ಮುಖ, ಒಂದು ಕಿವಿ, ತಲೆಯ ಮೇಲೆ ಕೂದಲಿನ ಗಂಟು. ಅಷ್ಟೇ. ಅಲ್ಲಿಂದಾಚೆ ಹಾಳೆ ಬರಿದು.

"ಇಲಿಗೆ ಯಾರಾದ್ರೂ ಕೂದಲು ಗಂಟು ಹಾಕ್ತಾರಾ? ನೋಡಿದ ತಕ್ಷಣ ಗೊತ್ತಾಯ್ತು," ಎನ್ನುತ್ತಾ ಸೊಸೆ ತಮಗೇ ಗೊತ್ತಿಲ್ಲದಂತೆ ತಲೆಯ ಗಂಟು ಮುಟ್ಟಿಕೊಳ್ಳುತ್ತಾರೆ. "ಮಾತು ಬಿಟ್ಟಿದ್ದ ನಾಲ್ಕು ದಿನದಲ್ಲಿ ಬರೆದಿದ್ದು ಇದು. ತಾರೀಖಿದೆ. ನಾನು ಪಕ್ಕದಲ್ಲಿದ್ದೆ, ಅವರಿಗೆ ಕಾಣ್ತಿರಲಿಲ್ಲ. ಆದ್ರೂ ಅಲ್ಲಿ ಕೂತಿರ್ತೀನಿ ಅಂತ ಗೊತ್ತಿತ್ತಲ್ಲ, ನೆನಪಿನಿಂದ ಬರೆದಿದಾರೆ. ಎಷ್ಟು ಕಂಡ್ತೋ ಅಷ್ಟು."

ಮುದಿ ಇಲಿಯ ಶಾಲಿಗೆ ಬೂದು, ದಿಂಬಿಗೆ ಹಸಿರು, ಕೆನ್ನೆಗೆ ಬಹಳ ತೆಳುವಾದ ಗುಲಾಬಿ, ಇಷ್ಟನ್ನು ಬಿಡುವಾದಾಗೆಲ್ಲ ಮೊದಲೇ ಹಚ್ಚಿಟ್ಟಿದ್ದಾರೆ. ಇವತ್ತು ದಾರಕ್ಕೆ ಇಟ್ಟಿಗೆ ಕೆಂಪು, ಅತ್ತೆ ಚಳಿಗಾಲದಲ್ಲಿ ಹಾಕಿಕೊಳ್ಳುತ್ತಿದ್ದ ಸ್ವೆಟರಿನ ಬಣ್ಣ. ದಾರದ ಜೊತೆಗೇ ಪೆನ್ನು ಮರಿ ಇಲಿಯ ಕಡೆಗೆ ಬರುತ್ತದೆ. ಕೈಗೆ, ಮುಖಕ್ಕೆ, ಕಿವಿಗೆ ಕಂದು. ಬೆನ್ನಿರಬೇಕಾದ ಕಡೆ ಇಲ್ಲದ ಗೆರೆಯನ್ನು ಇವತ್ತು ಅವರು ಕಣ್ಣಲ್ಲಿ ಎಳೆದುಕೊಳ್ಳುವುದಿಲ್ಲ. ಬಣ್ಣವನ್ನು ತಡೆಯುವುದೂ ಇಲ್ಲ. ಕಂದು, ತಿಳಿಗಂದು, ಇನ್ನೂ ತಿಳಿ ಆಗುತ್ತಾ ಅದು ಅಂಚೇ ಇಲ್ಲದೆ ಬಿಳಿಯಲ್ಲಿ ಕರಗಿಹೋಗುತ್ತದೆ. ಹನ್ನೊಂದು ವರ್ಷ ಸೋರದಂತೆ ಕಾದ ಕೈ ತಾನೇ ಸೋರಲು ಬಿಟ್ಟಿದೆ.

ಏಳೂವರೆಗೆ ಮ್ಯಾನೇಜರಿಗೆ ಸೊಸೆಯೇ ಫೋನ್ ಮಾಡುತ್ತಾರೆ. ಮಾತಿನ ಉದ್ದಕ್ಕೂ ಎದ್ದು ನಿಂತೇ ಇರುತ್ತಾರೆ. "ಸಾರ್, ಇದನ್ನ ಸ್ಟ್ಯಾಂಪಾಗಿ ಮಾರ್ಬೇಡಿ, ದೂರು ಬರುತ್ತೆ. ಬರೀ ಬಣ್ಣದ ಕಾರ್ಡ್ ಮಾಡಿ. ಇಲಿ ಮಾತ್ರ ತೆಗೀಬೇಡಿ, ಗೆರೆನೂ ಹಾಕ್ಬೇಡಿ. ಹನ್ನೊಂದು ವರ್ಷದಲ್ಲಿ ನಾನು ಏನೂ ಕೇಳಿಲ್ಲ." ಆ ಕಡೆಯಿಂದ ಕಳಿಸಿ ನೋಡೋಣ ಎನ್ನುವ ಮಾತು ಬರುತ್ತದೆ.

ಕಳಿಸುವ ಮುಂಚೆ ಸೊಸೆ ಮುಖ ಸೊಟ್ಟಗಿದೆಯೇ ಎಂದು ನೋಡಲು ಅಭ್ಯಾಸದಂತೆ ಕನ್ನಡಿ ಗುಂಡಿ ಒತ್ತುತ್ತಾರೆ. ಇಲಿಗಳು ಅದಲು ಬದಲಾಗುತ್ತವೆ. ಮುದಿ ಇಲಿ ಬಲಕ್ಕೆ, ಮರಿ ಎಡಕ್ಕೆ. ಮತ್ತೊಮ್ಮೆ ಒತ್ತಿದರೆ ಚಿತ್ರ ಮೊದಲಿನಂತಾಗಬೇಕು. ಬೆರಳು ಗುಂಡಿಯ ಮೇಲೇ ನಿಂತುಬಿಡುತ್ತದೆ. ಕಿಟಕಿಯಲ್ಲಿ ಬೆಳಕು ಪೂರ್ತಿ ಬಂದಿದೆ, ಕೆಳಗೆ ಯಾರೋ ಅಂಗಡಿಯ ಶಟರ್ ಎತ್ತುತ್ತಿದ್ದಾರೆ. ಸೊಸೆ ಮತ್ತೆ ಒತ್ತುವುದಿಲ್ಲ. ಹೊಸ ಹೆಸರು ಕೊಟ್ಟು ಹಾಗೇ ಸೇವ್ ಮಾಡಿ ಕಳಿಸಿಬಿಡುತ್ತಾರೆ.

ಹತ್ತೇ ನಿಮಿಷಕ್ಕೆ ಫೋನು. ಚಿತ್ರ ತಿರುಗಿ ಬಂದಿದೆಯಲ್ಲ, ಮರಿ ಇಲಿ ಬಲಗಡೆ ಇತ್ತಲ್ಲವೇ ಎಂದು ಮ್ಯಾನೇಜರ್ ಕೇಳುತ್ತಾರೆ. ಇರಲಿ ಬಿಡಿ ಸಾರ್, ಹಾಗೇ ಅಚ್ಚು ಹಾಕಿ ಎನ್ನುತ್ತಾರೆ ಸೊಸೆ. ಸರಿ ಎಂಬ ಉತ್ತರ ಬಂದ ಮೇಲೆ ಫೋನು ಕೆಳಗಿಡುತ್ತಾರೆ. ಆಮೇಲೆ ಪೆನ್ನನ್ನು ಅತ್ತೆಯ ಕುರ್ಚಿಯ ಮುಂದೆ, ಅವರು ಇಡುತ್ತಿದ್ದ ಜಾಗದಲ್ಲೇ ಇಡುತ್ತಾರೆ.

"ಆ ಕಡೆ ಕೂತ್ರೆ ಅತ್ತೆಗೆ ಕಾಣ್ತೀನಿ."